ಯೋಚಿಸಲು ಕೊಟ್ಟ ಆರು ತಿಂಗಳು

ಕುಟುಂಬ ನ್ಯಾಯಾಲಯದ ಮಾನ್ಯ ನ್ಯಾಯಾಧೀಶರೇ,

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ ನನಗೂ ನನ್ನ ಗಂಡ ತಮೋಘ್ನನಿಗೂ ಯೋಚಿಸಲು ತಾವು ಆರು ತಿಂಗಳು ದಯಪಾಲಿಸಿದ್ದೀರಿ. ಯಾರ ಜೊತೆ ಕೂತು ಯೋಚಿಸಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಅರ್ಜಿ ಹಾಕುವ ಅರ್ಹತೆಗೇ ಒಂದು ವರ್ಷ ಬೇರೆ ಇರಬೇಕು. ಹಾಕಿದ ಮೇಲೆ ಇನ್ನರ್ಧ ವರ್ಷ ಕಾಯಬೇಕು. ಮಾತು ಬಿಟ್ಟವರು ಇನ್ನಷ್ಟು ಕಾಲ ಮಾತು ಬಿಟ್ಟರೆ ಪ್ರೀತಿ ತಾನಾಗಿ ಉಕ್ಕುತ್ತದೆ ಎಂದು ಕಾನೂನಿಗೆ ಯಾರು ಹೇಳಿಕೊಟ್ಟರು? ಕೃಷ್ಣನಗರದ ನನ್ನ ಬಾಡಿಗೆ ಮನೆಯಲ್ಲಿ ಒಬ್ಬಳಿಗಾಗುವಷ್ಟೇ ಅನ್ನ ಮಾಡುತ್ತೇನೆ. ಅದೂ ಮಿಗುತ್ತದೆ. ಸಂಜೆ ಶಾಲೆಯಿಂದ ಪಾಠ ಮುಗಿಸಿ ಬಂದರೆ ಮರುದಿನದವರೆಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ.

ಈ ನಡುವೆ ಅಳಿಯಂದಿರ ಹಬ್ಬ ಜಮಾಯಿ ಷಷ್ಠಿ ಬಂತು. ಅಳಿಯನಿಗೆ ಉಣಿಸದೆ ನಮ್ಮ ಕಡೆಯ ಅತ್ತೆಯರು ಅಂದು ತುತ್ತು ಮುಟ್ಟುವುದಿಲ್ಲ. ನಾನು ಬೇಡವೆಂದರೂ ಅಮ್ಮ ಅವನಿಗೆ ಫೋನು ಮಾಡಿಯೇ ಬಿಟ್ಟಳು. “ಕೋರ್ಟು ಹೇಳೋವರೆಗೂ ಅವನು ನನ್ನ ಅಳಿಯ ಕಣೇ. ನಿಮ್ಮ ಜಗಳ ನೀವಿಟ್ಕೊಳ್ಳಿ, ನನ್ನ ಹಬ್ಬ ಯಾಕೆ ಕೆಡಿಸ್ತೀರಿ?” ಎಂದಳು. ಅವನು ಸರಪುರಿಯಾ ಸಿಹಿಯ ಪೊಟ್ಟಣ ಹಿಡಿದು ಅಮ್ಮನ ಮನೆಗೆ ಬಂದ. ಅಮ್ಮ ತಾಳೆಗರಿ ಬೀಸಣಿಗೆಯಿಂದ ಗಾಳಿ ಹಾಕಿ, ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟಿ, ಸಾಕೆಂದರೂ ಬಿಡದೆ ಮೀನು ಬಡಿಸಿದಳು. ಅವಳು ಒಳಗೆ ಹೋದಾಗ ಅವನು ತಟ್ಟೆ ನೋಡುತ್ತಲೇ, “ಬೆನ್ನುನೋವು ಹೇಗಿದೆ?” ಎಂದ. “ಇದೆ,” ಎಂದೆ. ಬೇರೆ ಇದ್ದ ಇಷ್ಟು ಕಾಲದಲ್ಲಿ ಅದನ್ನು ಕೇಳಿದವನು ಅವನೊಬ್ಬನೇ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ, ಏಕೆ ಸುಳ್ಳು ಹೇಳಲಿ.

ಸುದ್ದಿ ತಿಳಿದ ನಮ್ಮಿಬ್ಬರ ವಕೀಲ ಘೋಷಾಲ್ ಬಾಬು ತಲೆ ಚಚ್ಚಿಕೊಂಡರು. “ಆ ದಾರ ಕತ್ತರಿಸಿ ಬಿಸಾಕೋಕೆ ಹೇಳಮ್ಮಾ. ಒಟ್ಟಿಗಿದ್ರು ಅಂತ ಯಾರಾದ್ರೂ ಅಂದ್ರೆ ವರ್ಷದ ಲೆಕ್ಕ ಮತ್ತೆ ಮೊದಲಿಂದ.” ಮುಂದಿನ ತಾರೀಖಿನವರೆಗೆ ಫೋನೂ ಕೂಡದಂತೆ. ಯೋಚಿಸಿ ಎಂದು ಕೊಟ್ಟ ಕಾಲದಲ್ಲಿ ಒಂದು ಊಟಕ್ಕೂ ಹೆದರಬೇಕೇ? ಮನಸ್ಸು ಗಟ್ಟಿಯೇ ಎಂದು ತಾವು ಕೇಳಿದರೆ ತಡಮಾಡದೆ ಹೌದೆನ್ನಬೇಕೆಂದೂ ಅವರು ಕಲಿಸಿಕೊಟ್ಟಿದ್ದಾರೆ. ನನಗದು ಬಾಯಿಪಾಠವಾಗಿದೆ. ಕೇಳಿದ ಕೂಡಲೇ ಹೇಳಿಬಿಡುತ್ತೇನೆ. ನಾನು ಹಟಮಾರಿ, ತುಂಬಿದ ಕೋರ್ಟಿನಲ್ಲಿ ಹಿಂದೆ ಸರಿಯಲು ನನಗೆ ನಾಚಿಕೆ.

ಆದ್ದರಿಂದ ನನ್ನ ಆಗ್ರಹ ಒಂದೇ. ಆ ತಾರೀಖಿನಂದು ಆ ಪ್ರಶ್ನೆಯನ್ನು ಮೊದಲು ಅವನಿಗೆ ಕೇಳಿ. ಕೇಳಿದ ಮೇಲೆ ಮುಂದಿನ ಕೇಸು ಕೂಗಿಸಬೇಡಿ, ಸ್ವಲ್ಪ ಕಾಯಿರಿ. ಅವನು ಬೇಗ ಮಾತಾಡುವವನಲ್ಲ.

ಇಂತಿ,
ತಮ್ಮ ಅಪ್ಪಣೆಯಾಗುವವರೆಗೆ ಹೆಂಡತಿಯಾಗಿರುವ
ಕಾಜರಿ ಬಾಗ್ಚಿ