ಮಾವನವರ ಪೆನ್ನಿನ ನಿಬ್ಬು

ರಾಜಮಹೇಂದ್ರವರ
ಶ್ರಾವಣ ಬಹುಳ ತದಿಗೆ

ಚಿರಂಜೀವಿ ಬ್ರಹ್ಮಾಜಿಗೆ,

ಕೊಮ್ಮೋಜು ಮನೆಯ ಹಿರಿಸೊಸೆ ಮಾಣಿಕ್ಯಾಂಬ ಬರೆಯುವುದು. ನಿನ್ನ ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಪೆನ್ನಿನ ಕಾರ್ಖಾನೆ ಈಗಲೂ ನನ್ನ ಮಾತಿನ ಮೇಲೆ ನಡೆಯುತ್ತದೆ. ನಾನು ಬಾಗಿಲಲ್ಲಿ ನಿಂತರೆ ಲೇತಿನ ಮುಂದೆ ಕೂತವರು ಹರಟೆ ನಿಲ್ಲಿಸುತ್ತಾರೆ. ಹತ್ತನೆಯ ತರಗತಿ ಓದಿದವಳು, ಯಾರ ಕೈಯಲ್ಲೂ ಕಾಗದ ಬರೆಸಿದವಳಲ್ಲ. ಹತ್ತೊಂಬತ್ತು ವರ್ಷದ ಮೇಲೆ ಅತ್ತಿಗೆಯ ಅಕ್ಷರ ಕಂಡು ಹರಿದು ಹಾಕಬೇಡ. ಓದಿ, ಆಮೇಲೆ ಹರಿ.

ಮಾವನವರು ಹೋದ ಮೇಲೆ ಅವರ ಕರೀ ಪೆನ್ನು ನನ್ನ ಕೈಗೆ ಬಂತು. ತಾವೇ ಕಡೆದು, ತಾವೇ ನಲವತ್ತು ವರ್ಷ ಬರೆದ ಪೆನ್ನು. ಬಣ್ಣ ತಿರುಗಿ ಡಿಕಾಕ್ಷನ್ನಿನಂತಾಗಿತ್ತು. ಆಯುಧಪೂಜೆಯ ದಿನ ಹೊಸ ಲೆಕ್ಕದ ಪುಸ್ತಕದ ಮೊದಲ ಸಾಲನ್ನು ಮನೆಯ ಹಿರಿಯರ ಪೆನ್ನಿನಲ್ಲೇ ಬರೆಯಬೇಕಲ್ಲ, ಆ ವರ್ಷ ನಾನು ಬರೆಯಲು ಕೂತೆ. ನಿಬ್ಬು ಕಾಗದ ಕೆರೆಯಿತು. ಶಾಯಿ ತಪ್ಪಿ ತಪ್ಪಿ ಬಂತು. ದೇವರ ಹೆಸರೇ ಅರ್ಧಕ್ಕೆ ನಿಂತಿತು. ಒಂದೇ ಕೈ ಅಷ್ಟು ಕಾಲ ಬರೆದರೆ ನಿಬ್ಬಿನ ತುದಿ ಆ ಕೈಯ ಓರೆಗೇ ಸವೆಯುತ್ತದೆ, ಬೇರೆಯವರಿಗೆ ಒಗ್ಗುವುದಿಲ್ಲ ಎಂದು ಗೊತ್ತಿದ್ದೂ, ನೆಂಟರೆದುರು ಮುಖ ಗಂಟಿಕ್ಕಿಕೊಂಡು ಎದ್ದೆ.

ಮೂರನೆಯ ದಿನ ನೀನು ಆ ನಿಬ್ಬನ್ನು ಸಾಣೆಕಲ್ಲಿಗೆ ಹಿಡಿದಿದ್ದೆ. "ಸತ್ತೋರ ಕೈ ಆ ನಿಬ್ಬಲ್ಲಿ ಉಳಿದಿತ್ತು. ಅದನ್ನೂ ತೇದು ಹಾಕಿದ್ಯಲ್ಲೋ! ಅಪ್ಪನಿಗೆ ಹುಟ್ಟಿದ ಮಗ ಮಾಡೋ ಕೆಲ್ಸವೇನೋ ಇದು?" ಎಂದೆ, ಆಳುಗಳೆಲ್ಲ ಕೇಳುತ್ತಿದ್ದಾಗ. ಈ ಮನೆಯಲ್ಲಿ ಅಂಥ ಕೈಗೆ ಕೆಲಸವಿಲ್ಲ ಎಂದೂ ಅಂದೆ. ನೀನು ಹೇಳಿದ್ದು ಒಂದೇ ಮಾತು: "ಅತ್ತಿಗೆ, ಒಂದು ಸಾಲು ಬರೆದು ನೋಡಿ." ನಾನು ಬರೆಯಲಿಲ್ಲ. ಪೆನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆಮೇಲಿನ ಆಯುಧಪೂಜೆಗಳಿಗೆ ಬೇರೆ ಪೆನ್ನು ಹಿಡಿದೆ. ಅಂದು ಸಂಜೆಯ ಬಸ್ಸಿಗೆ ನೀನು ಕಾಕಿನಾಡಕ್ಕೆ ಹೋದೆ. ಆರು ವರ್ಷದ ಹಿಂದೆ ಅಣ್ಣನ ಮಣ್ಣಿಗೆ ಬಂದಾಗ ನೀನು ಜಗಲಿಯ ಕೆಳಗೇ ನಿಂತಿದ್ದೆ. ಒಂದು ಲೋಟ ನೀರು ಕೊಡಿ ಎಂದು ನಾನು ಹೇಳಲಿಲ್ಲ. ನಾನು ಹೇಳದೆ ಈ ಮನೆಯಲ್ಲಿ ಯಾರೂ ಕೊಡುವುದಿಲ್ಲ.

ಈಗ ಮಧ್ಯಾಹ್ನ ಒಬ್ಬಳೇ ಉಣ್ಣುತ್ತೇನೆ. ಗೋಂಗೂರ ಚಟ್ನಿ ಬಾಯಿಗಿಟ್ಟು, "ಉಪ್ಪು ಜಾಸ್ತಿ ಆಯ್ತು, ಇವತ್ತು ಕೋಪ ಯಾರ ಮೇಲೆ ಅತ್ತಿಗೆ?" ಎಂದು ಕೇಳುತ್ತಿದ್ದವನು ನೀನೊಬ್ಬನೇ. ಮಿಕ್ಕವರಿಗೆ ನನ್ನ ಅಡುಗೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಹೋದ ವಾರ ಬೆಜವಾಡದ ಕಣ್ಣಿನ ಡಾಕ್ಟರು ಸೋಮಯಾಜುಲು ಬಂದಿದ್ದರು. ಅವರಿಗೆ ಪೆನ್ನು ಕೂಡಿಡುವ ಹುಚ್ಚು. ಜೇಬಿನಲ್ಲಿ ಐದಿದ್ದವು, ಎರಡು ಜಪಾನಿನ ಹೊಸವು. "ಇನ್ನೊಂದು ಹಳೇ ಪೆನ್ನು ತಂದ್ರೆ ಅದರ ಜೊತೇಲೇ ಸಂಸಾರ ಮಾಡಿ ಅಂದಿದಾಳಮ್ಮ ನಮ್ಮನೆಯವಳು" ಎಂದು ನಕ್ಕರು. ಮಾವನವರ ಪೆನ್ನು ತೆಗೆದು ತೋರಿಸಿದೆ. ಮಾರುವುದಕ್ಕಲ್ಲ, ಹೆಮ್ಮೆಗೆ. ಅವರು ಭೂತಗನ್ನಡಿ ಹಿಡಿದು ನಿಬ್ಬಿನ ತುದಿ ನೋಡಿದರು.

"ಇದು ಬರೆದು ಸವೆದದ್ದಲ್ಲಮ್ಮ. ಯಾರದೋ ಕೈ ನೋಡಿ ತೇದದ್ದು. ಪೆನ್ನು ನೆಟ್ಟಗೆ ಹಿಡಿದು, ಒಳಕ್ಕೆ ತಿರುಗಿಸಿ ಬರೆಯೋ ಕೈ. ಯಾರದು?"

ಶಾಯಿ ತುಂಬಿ ನನಗೇ ಕೊಟ್ಟರು. ಬರೆದೆ. ನಿಬ್ಬು ಎಣ್ಣೆ ಸವರಿದ ಹಾಗೆ ಓಡಿತು. ಈ ಕಾಗದವನ್ನೂ ಅದರಲ್ಲೇ ಬರೆಯುತ್ತಿದ್ದೇನೆ. ಡಾಕ್ಟರು ನನ್ನ ಕೈಯನ್ನೇ ನೋಡುತ್ತಿದ್ದರು. "ಇನ್ನು ಇದನ್ನ ಕೊಡಿ ಅಂತ ಕೇಳೋ ಹಾಗಿಲ್ಲ ಬಿಡಿ" ಎಂದರು.

ನಿಬ್ಬು ಹೊಂದಿಸಲು ಗಿರಾಕಿಗಳಿಂದ ಹೆಸರು ಬರೆಸುವಾಗ ನೀನೂ ಹಾಗೇ, ಕಾಗದ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಆಯುಧಪೂಜೆಯ ದಿನ ನೀನು ನನ್ನ ಕೈಯನ್ನು ನೋಡಿದ್ದೆ. ಮುಂದಿನ ವರ್ಷ ನಾನು ನಾಲ್ಕು ಜನರೆದುರು ತಲೆ ತಗ್ಗಿಸಬಾರದೆಂದು ತೇದೆ. ಅಲ್ಲಿದ್ದದ್ದು ನಿನ್ನ ಅಪ್ಪನ ಕೈ. ಅದನ್ನು ತೇಯುವಾಗ ನಿನಗೆ ಹೇಗಾಗಿರಬೇಕು ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಇವತ್ತು ಬೆಳಿಗ್ಗೆ ಲೇತುಗಳನ್ನು ನಿಲ್ಲಿಸಿ ಎಲ್ಲರನ್ನೂ ಕರೆದೆ. ಯಾರ ಮುಂದೆ ನಿನ್ನನ್ನು ಅಂದಿದ್ದೆನೋ ಅವರ ಮುಂದೆಯೇ ಹೇಳಬೇಕಿತ್ತು. "ಬ್ರಹ್ಮಾಜಿ ತಪ್ಪು ಮಾಡಿರ್ಲಿಲ್ಲ. ತಪ್ಪು ನಂದು" ಎಂದೆ. ಯಾರೂ ಬೆರಗಾಗಲಿಲ್ಲ. ಹಳೆಯ ಆಳು ಗವರಯ್ಯ ನೆಲ ನೋಡುತ್ತ, "ನಮಗೆ ಅವತ್ತೇ ಗೊತ್ತಿತ್ತಮ್ಮ" ಎಂದ.

"ಗೊತ್ತಿದ್ದೂ ಬಾಯಲ್ಲಿ ಏನು ಇಟ್ಕೊಂಡಿದ್ಯೋ?"

"ನಿಮಗೆ ಹೇಳೋರು ಯಾರಮ್ಮ? ಯಜಮಾನ್ರೇ ಹೇಳ್ಲಿಲ್ಲ."

ನಿನ್ನ ಅಣ್ಣನಿಗೂ ಗೊತ್ತಿತ್ತು, ಬ್ರಹ್ಮಾಜಿ. ಹದಿಮೂರು ವರ್ಷ ಅದನ್ನು ನುಂಗಿಕೊಂಡೇ ನನ್ನ ಪಕ್ಕದಲ್ಲಿ ಉಂಡರು, ಮಲಗಿದರು, ಹಾಗೇ ಹೋದರು. ಅವರ ಅಂಜಿಕೆಯನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ.

ಬಾ ಎಂದು ಕರೆಯುವುದಿಲ್ಲ. ಕರೆಯುವ ಹಕ್ಕನ್ನು ನಾನೇ ಕಳೆದುಕೊಂಡೆ. ಬರುವುದಾದರೆ ನನ್ನನ್ನು ಕೇಳಬೇಕಾಗಿಲ್ಲ. ಬೆಳಿಗ್ಗೆಯೇ ಸೊಂಟದ ಬೀಗದಕೈ ಗೊಂಚಲು ಬಿಚ್ಚಿ ಗವರಯ್ಯನ ಮುಂದಿಟ್ಟೆ. "ಬೇಡಮ್ಮ, ಬೇಡ" ಎಂದು ಹಿಂದೆ ಸರಿದ. ಅಲ್ಲಿಯೇ ಬಿಟ್ಟು ಒಳಗೆ ಬಂದೆ.

ನಿನ್ನ ಕಣ್ಣೂ ಕೈಯೂ ಕೊನೆಯವರೆಗೆ ಗಟ್ಟಿಯಾಗಿರಲಿ. ಹೆಂಡತಿ ಮಕ್ಕಳೊಂದಿಗೆ ತಂಪಾಗಿ ಬಾಳು.

ಇಂತಿ ನಿನ್ನ ಅತ್ತಿಗೆ,
ಮಾಣಿಕ್ಯಾಂಬ