ಗಿಟಾರಿಲ್ಲದ ಭಾನುವಾರ

ಭಾನುವಾರ, ಸಂಜೆ

ಗಿಟಾರ್ ಮಹಾಶಯರಿಗೆ, ಅಂದರೆ ನನ್ನ ಯಜಮಾನರಿಗೆ,

ನಾನು ಚೆನ್ನಾಗಿದ್ದೇನೆ. ಶಿಷ್ಟಾಚಾರಕ್ಕೆ ಬರೆದದ್ದಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ. ಮನೆ ಬಿಟ್ಟು ಅಕ್ಕನ ಹತ್ತಿರ ಬಂದು ತಿಂಗಳಾಗುತ್ತಾ ಬಂತು. ಹೋದ ವಾರ ಫೋನಿನಲ್ಲಿ ನೀವು, ಭಾನುವಾರ ಒಬ್ಳೇ ಹಾಡಿ ನೋಡು, ಆಗ್ಲಿಲ್ಲ ಅಂದ್ರೆ ಸುಮ್ನೆ ವಾಪಸ್ ಬಾ ಎಂದಿರಲ್ಲ, ಆ ಭಾನುವಾರದ ವರದಿ ಇದು.

ನಮ್ಮೂರಿನ ಹಾಗೇ ಇಲ್ಲೂ ಹೋಟೆಲಿನ ಬ್ರಂಚ್, ನಿಮಗೆ ಗೊತ್ತಿರುವುದೇ. ತಡವಾಗಿ ಎದ್ದವರು ತಿಂಡಿಯನ್ನೂ ಊಟವನ್ನೂ ಒಟ್ಟಿಗೆ ಮುಗಿಸುತ್ತಾ ಹರಟುವುದು, ಮೂಲೆಯಲ್ಲಿ ನಿಂತು ನಾವು ಹಾಡುವುದು. ಈ ಹೋಟೆಲಿನ ಮಾಲೀಕರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಜನ ಕೂತು ಕೇಳಿದ್ರೆ ಪ್ರತಿ ಭಾನುವಾರ ನಿಮ್ದೇ, ಇಲ್ಲಾಂದ್ರೆ ಸ್ಪೀಕರ್‌ನಲ್ಲಿ ಹಾಡು ಹಾಕ್ಕೋತೀವಿ ಎಂದು.

ಮೈಕ್ ಮುಂದೆ ನಿಂತೆ. ಉಸಿರೆಳೆದುಕೊಂಡೆ. ಆಮೇಲೆ ನಿಂತೇ ಇದ್ದೆ. ಯಾಕೆ ಗೊತ್ತೇ? ನಿಮ್ಮ ಕಾಲು ನೆಲಕ್ಕೆ ತಟ್ಟುವುದನ್ನು ಕಾಯುತ್ತಿದ್ದೆ. ನೀವು ಎರಡು ಸಲ ತಟ್ಟದೆ ನಾನು ಯಾವತ್ತು ಬಾಯಿ ತೆರೆದಿದ್ದೇನೆ? ಮಾತು ನಿಂತಿತು, ಫೋರ್ಕುಗಳು ತಟ್ಟೆಗಿಳಿದವು, ಎಲ್ಲರೂ ನನ್ನನ್ನೇ ನೋಡಿದರು. ನಾಚಿಕೆಯಾಯಿತು. ಇಲ್ಲದ ನಿಮ್ಮ ಮೇಲೆ ಸಿಟ್ಟೂ ಬಂತು.

ಅಲ್ಲಿ ಅಡುಗೆಮನೆಗೆ ಗೋಡೆಯಿಲ್ಲ. ಗದ್ದಲ ನಿಂತಿದ್ದರಿಂದ ಅಡುಗೆಯವರು ಈರುಳ್ಳಿ ಹೆಚ್ಚುವ ಸದ್ದು ಕೇಳಿಸಿತು. ಒಂದೇ ಸಮ, ನಿಮ್ಮ ಕಾಲಿಗಿಂತ ನಿಧಾನ. ಅದನ್ನೇ ತಾಳವಾಗಿ ಹಿಡಿದು ಹಾಡಿದೆ. ನಿನ್ ದನಿ ಭಾರ, ಗಿಟಾರ್ ಇಲ್ದಿದ್ರೆ ಮುಳುಗುತ್ತೆ ಎನ್ನುತ್ತಿದ್ದಿರಿ. ಮುಳುಗಲಿಲ್ಲ. ಇಷ್ಟು ವರ್ಷ ಅದು ನಿಮ್ಮ ಅವಸರಕ್ಕೆ ಏದುಸಿರು ಬಿಡುತ್ತಿತ್ತು, ಅಷ್ಟೇ. ಹಾಡು ಮುಗಿದಾಗ ಜನರ ಆಮ್ಲೆಟ್ ತಣ್ಣಗಾಗಿತ್ತು, ಯಾರೂ ದೂರಲಿಲ್ಲ. ಅಡುಗೆಯವರು ತಲೆಯೆತ್ತಿ, ಇನ್ನೊಂದ್ ಹಾಡಿ ಅಕ್ಕಾ, ಈರುಳ್ಳಿ ಬೇಕಾದಷ್ಟಿದೆ ಎಂದರು. ಎರಡನೆಯ ಹಾಡಿಗೆ ನಾನು ಈರುಳ್ಳಿಯನ್ನೂ ಕಾಯಲಿಲ್ಲ.

ಭಾನುವಾರಗಳು ನನ್ನವಾದವು. ಮಾಲೀಕರು ಕೈ ಕುಲುಕಿ, ಮುಂದಿನ ವಾರ ಸ್ವಲ್ಪ ಬೇಗ ಬನ್ನಿ ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಮೂಗೊರೆಸಿಕೊಳ್ಳುತ್ತಾ, ಏನಿಲ್ಲ, ಈರುಳ್ಳಿ ಘಾಟು ಎಂದಳು. ಸುಳ್ಳು ಹೇಳಲು ಅವಳಿಗೆ ಬರುವುದೇ ಇಲ್ಲ.

ಈಗ ನಿಮ್ಮ ಮೇಲೆ ಸಿಟ್ಟಿಲ್ಲ. ನೆನಪಾಗುತ್ತೀರಿ, ಅದನ್ನೇಕೆ ಮುಚ್ಚಿಡಲಿ? ನಿಮ್ಮಷ್ಟು ಚೆನ್ನಾಗಿ ಗಿಟಾರ್ ನುಡಿಸುವವರನ್ನು ನಾನಿನ್ನೂ ಕಂಡಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತು,
ನಿಮ್ಮ ಗಟ್ಟಿಗಂಟಲಿನವಳು

ತಾ.ಕ.: ಅಕ್ಕನಿಗೂ ಹೇಳಿಲ್ಲ, ನಿಮಗೇ ಮೊದಲು. ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಇವತ್ತು ಗೆದ್ದ ಮೇಲಲ್ಲ, ಗುರುವಾರವೇ. ಕೇಳುವುದಕ್ಕೆ ಬರುವುದಾದರೆ ಖಂಡಿತ ಬನ್ನಿ, ಮುಂದಿನ ಸಾಲಿನಲ್ಲೇ ಜಾಗ ಹಿಡಿದಿಡುತ್ತೇನೆ. ಗಿಟಾರ್ ಮನೆಯಲ್ಲೇ ಇರಲಿ.