ಮಳೆ ಕಾಣದ ಸೈಕಲ್

ಅಕ್ಟೋಬರ್ ೧೭, ಶುಕ್ರವಾರ. ತೈಚುಂಗ್.

ಆ ನೀಲಿ ರೇಸ್ ಸೈಕಲ್ ತಲೆಯಿಂದ ಇಳಿಯುತ್ತಿಲ್ಲ. ಅಳತೆ ನನಗೆಂದೇ ಮಾಡಿಸಿದಂತಿತ್ತು.

"ಇದ್ರ ಮೇಲೆ ಒಂದ್ ಹನಿ ಮಳೆ ಬಿದ್ದಿಲ್ಲ ತಂಗಿ," ಎಂದಿದ್ದ ಮಾರಲು ಹೊರಟ ತ್ಸೆಂಗ್. ಫ್ರೇಮನ್ನು ಉದ್ದಕ್ಕೂ ತಟ್ಟಿ ನೋಡಿದೆ, ಬಿರುಕಿಲ್ಲ. ಅವನನ್ನು ಕೇಳಿಯೇ ಹ್ಯಾಂಡಲ್ಲಿಗೆ ಸುತ್ತಿದ ಪಟ್ಟಿ ಬಿಚ್ಚಿದೆ. ಒಳಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರಿತು. ಬೋಲ್ಟುಗಳೆಲ್ಲ ತುಕ್ಕು.

"ಮಳೆ ಬಿದ್ದಿಲ್ಲ ಅಂದ್ರಲ್ಲಣ್ಣ, ಸಮುದ್ರದಲ್ಲಿ ಅದ್ದಿ ತೆಗೆದ್ರಾ?"

"ಬೆವರು ಕಣಮ್ಮ."

ಅವನ ಅಮ್ಮ ಹಾಸಿಗೆ ಹಿಡಿದಾಗ, ಅವಳ ಕೋಣೆಯಲ್ಲೇ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ನಿಂತಲ್ಲೇ ತುಳಿಯುತ್ತಿದ್ದನಂತೆ. "ಚಕ್ರದ ಸದ್ದು ನಿಂತ್ರೆ ಎಚ್ಚರ ಆಗೋಳು. ಎಲ್ಲೀವರ್ಗೂ ಬಂದ್ಯೋ ಅನ್ನೋಳು. ಘಾಟಿ ಇಳಿದೆ ಅಮ್ಮಾ, ಹ್ವಾಲಿಯೆನ್ ಬಂತು, ಸಮುದ್ರ ಕಾಣ್ತಿದೆ ಅಂತಿದ್ದೆ. ಈಗ ಕೇಳೋರಿಲ್ಲ, ಅದಕ್ಕೇ ಮಾರ್ತಿದ್ದೀನಿ."

ಹ್ಯಾಂಡಲ್ಲೊಂದನ್ನು ಬದಲಾಯಿಸಿದರೆ ಚೆನ್ನಾದ ಸೈಕಲ್. ಕೊಳ್ಳುವುದೆಂದು ತೀರ್ಮಾನಿಸಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ: "ನೀನು ಹ್ವಾಲಿಯೆನ್ ಕಡೆ ಹೋಗಿದ್ದೀನಿ ಅಂದ್ಯಲ್ಲ, ಸಮುದ್ರ ನಿಜವಾಗ್ಲೂ ರಸ್ತೆಯಿಂದ ಕಾಣುತ್ತಾ?"

"ಕಾಣುತ್ತೆ. ಹ್ಯಾಂಡಲ್ ಬದಲಾಯಿಸ್ಕೊಂಡು ನೀವೇ ನೋಡ್ಕೊಂಡು ಬನ್ನಿ," ಎಂದುಬಿಟ್ಟೆ.

ಅವನು ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಹೋದ.

ಎಂಥ ಅಳತೆ! ನನ್ನ ಬಾಯಿಗಿಷ್ಟು ಮಣ್ಣು ಹಾಕ. ಆದರೂ ಅವನು ಹೋಗದೆ ಇದ್ದರೆ ಮಾತ್ರ ಆ ಸೈಕಲ್ಲನ್ನು ಮತ್ತೆ ಹೋಗಿ ಕೇಳಿಯೇ ಕೇಳುತ್ತೇನೆ.